ನಾಲ್ಕನೆಯ ನಾಳ

ನಮ್ಮೂರಲ್ಲಿ ಹಲ್ಲು ಹೋದರೆ ಹೋದವರಿಗಿಂತ ಬೇರೆಯವರಿಗೇ ನಷ್ಟ ಹೆಚ್ಚು. ಬಾಯಲ್ಲಿರುವ ಒಂದೊಂದು ಹಲ್ಲೂ ನಮ್ಮ ಹತ್ತಿರದವರಲ್ಲಿ ಒಬ್ಬೊಬ್ಬರದು. ಅದು ಬಿದ್ದ ಗಳಿಗೆಯಿಂದ ಆ ಒಬ್ಬರಿಗೆ ನಮ್ಮ ಧ್ವನಿ ಕೇಳಿಸುವುದು ನಿಂತುಹೋಗುತ್ತದೆ. ಊರಿಗೆಲ್ಲ ಕೇಳಿಸುತ್ತದೆ, ಬೀದಿನಾಯಿಗೂ ಕೇಳಿಸುತ್ತದೆ, ಅವರೊಬ್ಬರಿಗೆ ಮಾತ್ರ ನಾವು ಸುಮ್ಮನೆ ತುಟಿ ಆಡಿಸುತ್ತಿರುವ ಹಾಗೆ ಕಾಣುತ್ತದೆ. ಕಟ್ಟಿಸಿದ ಹಲ್ಲು ಚಕ್ಕುಲಿ ಮುರಿಯಲು ಆದೀತು, ಇದಕ್ಕಾಗದು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ನಿಲ್ಲಿಸುತ್ತಾರೆ. ನಮ್ಮವರು ಹಲ್ಲು ಬಿದ್ದರೆ ಎರಡೂ ಹೋಯಿತು ಎಂದು ಸೇರಿಸುತ್ತಾರೆ.

ಹಾಗೆಂದು ಯಾರೂ ಎದೆ ಬಡಿದುಕೊಂಡು ಕೂತಿಲ್ಲ. ನಮ್ಮೂರ ಮದುವೆ ಊಟದಲ್ಲಿ ಕೋಡುಬಳೆ ಹಾಕುವುದಿಲ್ಲ, ಜಾತ್ರೆಯಲ್ಲಿ ಕಬ್ಬು ಮಾರುವವನನ್ನು ಪೊಲೀಸರು ಓಡಿಸುತ್ತಾರೆ, ಅಷ್ಟೆ. ಪಕ್ಕದ ಮನೆಯ ಚೆನ್ನಾಜಮ್ಮ ಬಚ್ಚಲಲ್ಲಿ ಜಾರಿ ಮುಂದಿನ ಹಲ್ಲು ಕಳೆದುಕೊಂಡರು. ಅದು ಹಿರಿಮಗನದು. ಈಗ ಮಗನಿಗೆ ಏನು ಹೇಳಬೇಕಾದರೂ ಸೊಸೆಗೆ ಹೇಳುತ್ತಾರೆ, ಸೊಸೆ ಗಂಡನಿಗೆ ದಾಟಿಸುತ್ತಾಳೆ. ಅತ್ತೆ ಒಂದು ಗಂಟೆ ಬೈದದ್ದು ದಾಟುವಷ್ಟರಲ್ಲಿ "ಊಟಕ್ಕೆ ಬರಬೇಕಂತೆ" ಎಂದಾಗಿರುತ್ತದೆ. ಸೊಸೆ ಅಷ್ಟು ಸುಖವಾಗಿರುವ ಮನೆ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಹಾಲುಹಲ್ಲು ಬಿದ್ದ ಮಕ್ಕಳಂತೂ ಹೊಸದು ಹುಟ್ಟುವ ತನಕ ಯಾರೋ ಒಬ್ಬರ ಕಿವಿಗೆ ಬೀಳುವುದಿಲ್ಲ. ಆ ಒಬ್ಬರು ತಾವೇ ಆಗಿದ್ದ ದಿನಗಳನ್ನು ಅಪ್ಪಂದಿರು ರಜೆಯ ಹಾಗೆ ನೆನೆಸಿಕೊಳ್ಳುತ್ತಾರೆ. ಉಳಿದವರು ಚೀಟಿ ಬರೆಯುತ್ತಾರೆ, ಸನ್ನೆ ಮಾಡುತ್ತಾರೆ, ಮೊಬೈಲಿನಲ್ಲಿ ಒತ್ತಿ ತೋರಿಸುತ್ತಾರೆ. ಕಣ್ಣಿದ್ದವರಿಗೆ ಹೇಗೋ ನಡೆದುಹೋಗುತ್ತದೆ.

ನನ್ನ ಗಂಡನಿಗೆ ಕಣ್ಣಿಲ್ಲ. ಅವರ ಹೆಸರು ವಾಮನರಾಯರು, ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಚಿಕ್ಕಂದಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು, ಹೋದದ್ದೆಲ್ಲ ಕಿವಿಗೆ ಬಂತು ಎನ್ನುತ್ತಾರೆ ಜನ. ಒಂದು ರೀಡು ಕೂದಲೆಳೆಯಷ್ಟು ಬೇಸೂರಾಗಿದ್ದರೂ ಅವರ ಮುಖ ಹುಣಸೆ ಕಚ್ಚಿದ ಹಾಗಾಗುತ್ತದೆ. ಬೆರಳಲ್ಲಿ ಮುಟ್ಟಿ ಓದುವ ಚುಕ್ಕಿ ಅಕ್ಷರ ಕಲಿಯಲು ಹೋದರು, ರೀಡು ಉಜ್ಜಿ ಉಜ್ಜಿ ಬೆರಳ ತುದಿ ದಡ್ಡುಗಟ್ಟಿದ್ದರಿಂದ ಚುಕ್ಕಿ ಹತ್ತಲಿಲ್ಲ. ಆದ್ದರಿಂದ ಅವರಿಗೆ ಜಗತ್ತು ಎಂದರೆ ನನ್ನ ಬಾಯಿ. ಬೆಳಿಗ್ಗೆ ಪೇಪರು ಓದಿ ಹೇಳುವುದು ನಾನು, ಅಂಗಡಿಗೆ ಬಂದವರ ಮುಖ ಹೇಗಿದೆ ಎಂದು ಪಿಸುಗುಟ್ಟುವುದು ನಾನು, ಎದುರು ಮನೆಯವರು ಯಾವ ಬಣ್ಣ ಹೊಡೆಸಿ ಮನೆ ಕೆಡಿಸಿದರು ಎಂದು ವರದಿ ಒಪ್ಪಿಸುವುದೂ ನಾನೇ. ಊರಲ್ಲಿ ನನ್ನನ್ನು ಮಾತಿನ ಮಲ್ಲಿ ಎನ್ನುತ್ತಾರೆ. ಇಂದುಮತಿ ಎಂಬ ಹೆಸರೊಂದು ನನಗಿದೆ ಎನ್ನುವುದು ರೇಷನ್ ಅಂಗಡಿಯವನಿಗೆ ಮಾತ್ರ ನೆನಪಿದೆ.

ನಮ್ಮೂರಲ್ಲಿ ಮದುವೆಯಾಗಿ ವರ್ಷ ತುಂಬಿದ ದಿನ ಅತ್ತೆ ಹಿತ್ತಾಳೆ ಚಮಚದ ಹಿಡಿಯಿಂದ ಸೊಸೆಯ ಹಲ್ಲುಗಳನ್ನು ಒಂದೊಂದಾಗಿ ತಟ್ಟುತ್ತಾಳೆ. ಗಂಡ ಪಕ್ಕದ ಕೋಣೆಯಲ್ಲಿ ಕೂತಿರುತ್ತಾನೆ. ಯಾವ ಹಲ್ಲು ತಟ್ಟಿದಾಗ ಅವನ ಕಿವಿ ಗುಂಯ್ ಎನ್ನುತ್ತದೋ ಅದು ಅವನದು. ನನ್ನ ಬಾಯಲ್ಲಿ ನನ್ನ ಗಂಡ ಸಿಕ್ಕಿದ್ದು ಬಲಗಡೆ ಮೇಲಿನ ದವಡೆಯ ದೊಡ್ಡ ಅಗಿಹಲ್ಲಿನಲ್ಲಿ. ಗಂಡನನ್ನು ಅಗಿಯುವ ಜಾಗದಲ್ಲೇ ಇಟ್ಟುಕೊಂಡಿದ್ದಾಳೆ ಎಂದು ಅತ್ತೆ ಅವತ್ತು ಎಲ್ಲರೆದುರು ಅಂದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಇವರೇ.

ಆ ಹಲ್ಲು ನೋಯತೊಡಗಿದ್ದು ಹೋದ ಮಾಗಿಯಲ್ಲಿ. ಹಲ್ಲು ನೋಯುತ್ತಿದೆ ಎಂದರೆ ಹಲ್ಲಿನವರ ಜೊತೆ ಜಗಳವಾಗಿದೆ ಎಂದು ನಮ್ಮೂರ ಹೆಂಗಸರ ಲೆಕ್ಕ. ಗಂಡನಿಗೆ ಹೋಳಿಗೆ ಮಾಡಿ ಹಾಕು, ತಾನಾಗಿ ಇಳಿಯುತ್ತದೆ ಎಂದರು. ಹೋಳಿಗೆ ಮಾಡಿದೆ. ಅವರು ದಪ್ಪಗಾದರು, ನನ್ನ ನೋವು ಇಳಿಯಲಿಲ್ಲ. ಬಿಸಿ ಕಾಫಿ ತಾಗಿದರೆ ಕಣ್ಣ ತನಕ ಸೆಳೆತ. ಕೊನೆಗೆ ಹಲ್ಲಿನ ಡಾಕ್ಟರು ಧರಣೇಂದ್ರಯ್ಯನವರ ಹತ್ತಿರ ಹೋದೆವು.

ಧರಣೇಂದ್ರಯ್ಯ ಮೃದು ಮನುಷ್ಯ. ಹಲ್ಲು ಕೀಳುವ ಇಕ್ಕಳ ಕಣ್ಣಿಗೆ ಬೀಳಬಾರದೆಂದು ಬೀರುವಿನ ಮೇಲ್ಗಡೆ ಬಟ್ಟೆ ಸುತ್ತಿ ಇಟ್ಟಿರುತ್ತಾರೆ. ನಮ್ಮೂರ ಹಲ್ಲಿನ ಡಾಕ್ಟರಿಗೆ ಕೀಳುವುದು ಕೆಲಸವಲ್ಲ, ಉಳಿಸುವುದು ಕೆಲಸ. ಹಲ್ಲಿನ ನೆತ್ತಿ ಕೊರೆದು, ಬೇರಿನೊಳಗೆ ಇಳಿಯುವ ಸಣ್ಣ ಸಣ್ಣ ನಾಳಗಳನ್ನು ಹುಡುಕಿ, ದಾರದಂಥ ಅರದಿಂದ ಕೆರೆದು ತೊಳೆದು, ಮೇಣದಂಥದ್ದು ತುಂಬಿ ಮುಚ್ಚುತ್ತಾರೆ. ರೂಟ್ ಕೆನಾಲು. ಹಲ್ಲು ಸಾಯುತ್ತದೆ, ಆದರೆ ಜಾಗ ಬಿಡುವುದಿಲ್ಲ, ಆದ್ದರಿಂದ ಧ್ವನಿಯೂ ಉಳಿಯುತ್ತದೆ. ಇದು ನಡೆಯುವಾಗ ಹಲ್ಲಿನವರು ಹೊರಗಿನ ಬೆಂಚಿನ ಮೇಲೆ ಕೂರಬೇಕು. ಇದಕ್ಕೆ ಕಿವಿ ಕೂರುವುದು ಎನ್ನುತ್ತಾರೆ. ಬೇರಿನಲ್ಲಿ ಕೊಳೆತದ್ದು ಇರುವ ತನಕ ಅವರ ಕಿವಿಯಲ್ಲಿ ಸದ್ದಿರುತ್ತದೆ, ನಾಳಗಳೆಲ್ಲ ಚೊಕ್ಕವಾದ ಮೇಲೆ ನಿಲ್ಲುತ್ತದೆ. "ಸುಮ್ಮನಾಯ್ತು" ಎಂದು ಅವರು ಕೂಗಿ ಹೇಳಿದರೆ ಡಾಕ್ಟರು ಹಲ್ಲು ಮುಚ್ಚುತ್ತಾರೆ. ಅದರ ಮೇಲೆ ಇನ್ನೊಂದು ಸರ್ಟಿಫಿಕೇಟಿಲ್ಲ.

ಧರಣೇಂದ್ರಯ್ಯ ಮೂರು ನಾಳ ಹುಡುಕಿದರು, ಮೂರನ್ನೂ ತೊಳೆದರು. ಹೊರಗಿನಿಂದ ನಮ್ಮವರ ಧ್ವನಿ ಬಂತು, ಸುಮ್ಮನಾಯ್ತು. ಮುಚ್ಚಿದರು. ಮಗ್ಗುಲು ಬದಲಿಸುವಷ್ಟರಲ್ಲಿ ನೋವು ಮತ್ತೆ ಬಂತು. ತುಂಬಿದ್ದನ್ನು ತೆಗೆದು ಮತ್ತೆ ತೊಳೆದರು, ಮತ್ತೆ ಸುಮ್ಮನಾಯ್ತು, ಮತ್ತೆ ನೋವು. ಮೂರನೆಯ ಸಲವೂ ಅದೇ ಕಥೆ. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಬೇರೆ ಯಾರಾದರೂ ಕಿವಿ ಕೂತಿದ್ದರೆ ಸಂಶಯ ಪಡಬಹುದಿತ್ತು, ಇದು ವಾಮನರಾಯರ ಕಿವಿ. ಅದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರುವುದು ಎಂದು ಅವರು ನನ್ನೆದುರೇ ತಲೆ ಕೆರೆದುಕೊಂಡರು.

ಯುಗಾದಿ ಕಳೆಯುವ ಹೊತ್ತಿಗೆ ನನ್ನ ಕೆನ್ನೆ ಊದಿ ಬಲಗಣ್ಣು ಅರ್ಧ ಮುಚ್ಚಿತು. ಜ್ವರವೂ ಹತ್ತಿತು. ಧರಣೇಂದ್ರಯ್ಯ ನೋಡಿದವರೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆಮೇಲೆ ಕೀವು ಕಣ್ಣಿನ ಕಡೆ ಹತ್ತುತ್ತಿದೆ, ಶುಕ್ರವಾರದ ತನಕ ಮಾತ್ರೆಯಲ್ಲಿ ತಡೆದು ನೋಡಬಹುದು, ಅದರಾಚೆಗೆ ಹಲ್ಲು ಉಳಿಸಲು ಹೋದರೆ ನಿಮ್ಮನ್ನು ಉಳಿಸಲು ಆಗುವುದಿಲ್ಲ ಎಂದರು. ಬೀರುವಿನ ಮೇಲ್ಗಡೆ ಅವರ ಕಣ್ಣು ಹೋಗಿ ಬಂದದ್ದನ್ನು ನಾನು ನೋಡಿದೆ.

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು. ವಾಮನರಾಯರಿಗೆ ಇನ್ನು ಮೇಲೆ ಶಾಂತಿಯೇ ಶಾಂತಿ ಎಂದು ಎದುರು ಅಂಗಡಿಯವನು ನಗಾಡಿದನಂತೆ. ನನಗೆ ನಗು ಬರಲಿಲ್ಲ. ಮನೆಯಲ್ಲಿ ಇರುವವರು ನಾವಿಬ್ಬರೇ, ನಡುವೆ ಮಾತು ದಾಟಿಸಲು ಸೊಸೆಯಿಲ್ಲ. ನಾನು ಪಕ್ಕದಲ್ಲೇ ಕೂತು ಕೂಗಿದರೂ ಈ ಮನುಷ್ಯನಿಗೆ ಗೋಡೆಯೂ ಒಂದೇ ನಾನೂ ಒಂದೇ ಆಗುತ್ತೇನೆ ಎಂದು ನೆನೆದರೆ ನೋವೇ ಮರೆತುಹೋಗುತ್ತಿತ್ತು.

ಬೇರೆ ದಾರಿಯೇ ಇಲ್ಲವೇ ಎಂದು ನಾನು ಡಾಕ್ಟರನ್ನು ಬಿಡದೆ ಪೀಡಿಸಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ದೊಡ್ಡಾಸ್ಪತ್ರೆಯಲ್ಲಿ ಹೊಸ ಸ್ಕ್ಯಾನ್ ಯಂತ್ರ ಬಂದಿದೆ, ಬಿದ್ದು ದವಡೆ ಮುರಿದುಕೊಂಡವರಿಗೆಂದು ತರಿಸಿದ್ದು. ತಮ್ಮ ಎಕ್ಸ್‌ರೇ ಚಪ್ಪಟೆ ಚಿತ್ರ, ಮದುವೆಯ ಗುಂಪು ಫೋಟೋದಲ್ಲಿ ಹಿಂದೆ ನಿಂತ ಕುಳ್ಳ ಕಾಣದಿರುವ ಹಾಗೆ ಒಂದು ಬೇರಿನ ಹಿಂದೆ ಇನ್ನೊಂದು ಅಡಗಿರುತ್ತದೆ. ಆ ಯಂತ್ರವಾದರೆ ತಲೆಯ ಸುತ್ತ ತಿರುಗಿ ಹಲ್ಲನ್ನು ಎಲ್ಲ ಕಡೆಯಿಂದಲೂ ನೋಡುತ್ತದೆ. ಇಷ್ಟು ಹೇಳಿ, ಆದರೆ ನಿಮ್ಮನ್ನು ಅಲ್ಲಿಗೆ ಕಳಿಸುವುದು ಹೇಗಮ್ಮ ಎಂದು ತಡೆದರು. ತಡೆದದ್ದು ಯಾಕೆಂದು ನನಗೆ ಗೊತ್ತಿತ್ತು. ಸುಮ್ಮನಾಯಿತು ಎಂದ ಮೇಲೆ ಇನ್ನೊಮ್ಮೆ ಒಳಗೆ ಇಣುಕುವುದೆಂದರೆ ಗಂಡನ ಕಿವಿ ಸುಳ್ಳು ಎಂದ ಹಾಗೆ. ಅಷ್ಟು ದೊಡ್ಡ ಮಾತನ್ನು ನಮ್ಮೂರಲ್ಲಿ ಯಾವ ಹೆಂಡತಿಯೂ ಆಡಿರಲಿಲ್ಲ, ಯಾವ ಡಾಕ್ಟರೂ ಆಡಿಸಿರಲಿಲ್ಲ. ಮರ್ಯಾದೆ ಹೋದರೆ ಹೋಗಲಿ, ಚೀಟಿ ಬರೆಯಿರಿ ಎಂದೆ.

ಗಂಡನಿಗೆ ಹೇಳದೆ ಬುಧವಾರ ಮಧ್ಯಾಹ್ನ ಹೋದೆ. ಯಂತ್ರ ನೋಡಿಕೊಳ್ಳುವ ಮೆಹರುನ್ನಿಸಾ ಎಂಬ ಹುಡುಗಿ ಓಲೆ, ಮೂಗುಬೊಟ್ಟು, ತಾಳಿ ಎಲ್ಲ ತೆಗೆಸಿದಳು. ಒಂದು ಕಂಬದೆದುರು ನಿಲ್ಲಿಸಿ, ಗಲ್ಲವನ್ನು ತಟ್ಟೆಯಂಥದ್ದರ ಮೇಲೆ ಇಡಿಸಿ, ಸಣ್ಣ ಕಡ್ಡಿಯೊಂದನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಸಿದಳು. ಅಲುಗಬಾರದು, ಉಗುಳು ನುಂಗಬಾರದು, ಮಾತಾಡಬಾರದು ಎಂದಳು. ಕೊನೆಯದು ಕಷ್ಟ ಎನ್ನಬೇಕೆಂದಿದ್ದೆ, ಕಡ್ಡಿ ಬಿಡಲಿಲ್ಲ. ಯಂತ್ರದ ತೋಳು ಗರ್ ಎಂದು ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬಂತು. ನಾನು ಕಣ್ಣು ಮುಚ್ಚಿಕೊಂಡು, ಏನಾದರೂ ಸಿಗಲಿ ದೇವರೇ, ಏನಾದರೂ ಒಂದು ತಪ್ಪು ಸಿಗಲಿ ಎಂದು ಬೇಡಿಕೊಂಡೆ. ತನ್ನ ಬಾಯಲ್ಲಿ ತಪ್ಪು ಸಿಗಲೆಂದು ಬೇಡಿದವಳು ನಾನೊಬ್ಬಳೇ ಇರಬೇಕು.

ಚಿತ್ರ ನೋಡಲು ಧರಣೇಂದ್ರಯ್ಯ ತಾವೇ ಅಲ್ಲಿಗೆ ಬಂದರು. ಪರದೆಯ ಮೇಲೆ ನನ್ನ ಹಲ್ಲು ಬಿಳಿಯಾಗಿ ತೇಲುತ್ತಿತ್ತು. ಮೆಹರುನ್ನಿಸಾ ಅದನ್ನು ಮೂಲಂಗಿ ಹೆಚ್ಚಿದ ಹಾಗೆ ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಸರಿಸುತ್ತ ಹೋದಳು. ಮೂರು ಬೇರು ಕಂಡವು, ಒಂದೊಂದರಲ್ಲೂ ಡಾಕ್ಟರು ತುಂಬಿದ್ದ ಮೇಣ ಬೆಳ್ಳಗೆ ಹೊಳೆಯುವ ಚುಕ್ಕಿ. ಎರಡು ಬೇರುಗಳಲ್ಲಿ ಚುಕ್ಕಿ ನಟ್ಟನಡುವೆ ಇತ್ತು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಮಾತ್ರ ಒಂದು ಪಕ್ಕಕ್ಕೆ ಸರಿದಿತ್ತು, ಜೊತೆಗಾರನಿಗೆಂದು ಜಾಗ ಬಿಟ್ಟು ಬೆಂಚಿನ ತುದಿಯಲ್ಲಿ ಕೂತವನ ಹಾಗೆ. ಬಿಟ್ಟ ಜಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು. ಬಿಲ್ಲೆಗಳು ಸರಿದ ಹಾಗೆಲ್ಲ ಆ ಕಪ್ಪೂ ಕೆಳಗಿನಿಂದ ಮೇಲಿನ ತನಕ ಬಂತು, ಬೇರಿನ ತುದಿಯಲ್ಲಿ ಮೋಡದ ಹಾಗೆ ಹರಡಿಕೊಂಡಿತ್ತು. ನಾಲ್ಕನೆಯ ನಾಳ. ಬಾಯಿ ಮುಚ್ಚಿಕೊಂಡು ಅಷ್ಟು ದಿನ ಒಳಗೇ ಕೊಳೆಯುತ್ತಿತ್ತು.

ಧರಣೇಂದ್ರಯ್ಯನವರ ಮುಖದಲ್ಲಿ ಮೊದಲು ಸಂತೋಷ ಬಂತು, ಅದರ ಹಿಂದೆಯೇ ಗೊಂದಲ. ಇದೊಂದು ಉಳಿದಿದ್ದರೆ ರಾಯರ ಕಿವಿ ಸುಮ್ಮನಾಗಬಾರದಿತ್ತಲ್ಲ, ಮೂರು ಸಲವೂ ಅವರೇ ಹೇಳಿದರಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ನನಗೆ ಗೊಂದಲವಿರಲಿಲ್ಲ. ರೀಡಿನ ಕೂದಲೆಳೆ ಹಿಡಿಯುವ ಕಿವಿಗೆ ಒಂದಿಡೀ ನಾಳ ತಪ್ಪುವುದಿಲ್ಲ. ತಾಳಿ, ಓಲೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಿಸಿಲಲ್ಲೇ ಹೊರಟೆ.

ನಮ್ಮ ಬೀದಿಯ ತಿರುವಿನಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಬಳೆ ಮೊಣಕೈಗೆ ಏರಿಸಿದೆ. ಬೆಕ್ಕಿನ ಹಾಗೆ ನಡೆದು ಅಂಗಡಿಯ ಬಾಗಿಲಲ್ಲಿ ಉಸಿರು ಹಿಡಿದು ನಿಂತೆ. ಅವರು ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಒಂದು ರೀಡು ಉಜ್ಜುತ್ತಿದ್ದರು. ತಲೆ ಎತ್ತದೆಯೇ, ಬಂದ್ಯಾ, ಬಾಗಿಲಲ್ಲೇ ಯಾಕೆ ನಿಂತೆ ಎಂದರು.

"ನಾನು ಬಂದದ್ದು ಹೆಂಗೆ ಗೊತ್ತಾಯ್ತು?" ಎಂದೆ.

ಉಜ್ಜುತ್ತಿದ್ದ ಕೈ ನಿಂತಿತು. ನಾನು ಸ್ಕ್ಯಾನ್ ಮಾಡಿಸಿಕೊಂಡದ್ದನ್ನು, ಪರದೆಯ ಮೇಲೆ ಕಂಡದ್ದನ್ನು ಹೇಳಿದೆ. ಅವರು ರೀಡನ್ನು ನಿಧಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟರು. ಸುಮ್ಮನಾಯಿತು ಎಂದದ್ದು ಸುಳ್ಳು ಅಲ್ಲವೇ ಎಂದು ಕೇಳಿದೆ. ಹೂಂ ಎಂದರು.

"ಇಂದೂ, ನೀನು ಮಾತಾಡ್ತಿದ್ರೆ ನೀನಿದ್ದೀಯ. ಸುಮ್ಮನಾದ್ರೆ ನನಗೆ ನೀನಿಲ್ಲ. ಕೋಪ ಮಾಡ್ಕೊಂಡು ಮೂಲೇಲಿ ಕೂತ್ರೂ ಒಂದೇ, ತವರಿಗೆ ಹೋದ್ರೂ ಒಂದೇ. ಮೊದಲ್ನೇ ಸಲ ಡಾಕ್ಟ್ರು ತೊಳೆದ ಮೇಲೆ ಒಂದು ಸಣ್ಣ ಶ್ರುತಿ ಉಳೀತು. ನೀನು ದೂರ ಹೋದ್ರೆ ಎಳೆಯಾಗುತ್ತೆ, ಹತ್ರ ಬಂದ್ರೆ ತುಂಬ್ಕೊಳ್ಳುತ್ತೆ. ಮಾರ್ಕೆಟ್ಟಿಂದ ನೀನು ತಿರುವಿಗೆ ಬಂದದ್ದು ಇಲ್ಲಿ ಕೂತೇ ಗೊತ್ತಾಗೋದು. ನಿದ್ದೆ ಮಾಡ್ತಿದ್ರೂ ನೀನು ಎಲ್ಲಿದ್ದೀಯ ಅಂತ ಗೊತ್ತಾಗೋದು. ಅದನ್ನ ತೆಗೀರಿ ಅಂತ ನನ್ನ ಬಾಯಲ್ಲಿ ಹೆಂಗೆ ಬರುತ್ತೆ?"

"ಅದು ನನ್ನ ನೋವು ಕಣ್ರೀ," ಎಂದೆ. "ಹಸೂಗೆ ಗಂಟೆ ಕಟ್ಟೋ ಹಂಗೆ ನನಗೆ ನೋವು ಕಟ್ಟಿ ಬಿಟ್ಟಿದ್ದೀರಿ."

ಅವರು ತಲೆ ತಗ್ಗಿಸಿದರು. ಸ್ವಲ್ಪ ನೋಯುತ್ತದೆ, ಅಭ್ಯಾಸವಾಗುತ್ತದೆ ಎಂದುಕೊಂಡಿದ್ದರಂತೆ. ಕೆನ್ನೆ ಊದಿದ ಮೇಲೆ ಹೇಳಬೇಕೆಂದುಕೊಂಡರಂತೆ, ಅಷ್ಟರಲ್ಲಿ ಹೇಳಲು ಹೆದರಿಕೆಯಾಯಿತಂತೆ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಜ್ವರದಲ್ಲಿ ನಾನು ನರಳುತ್ತಿದ್ದಾಗ ಪಕ್ಕದಲ್ಲಿ ಈ ಮನುಷ್ಯ ನನ್ನ ಕೀವಿನ ಶ್ರುತಿ ಕೇಳುತ್ತ ಮಲಗಿದ್ದನಲ್ಲ. ಆ ಕೋಪದ ನಡುವೆಯೂ ಸುಮ್ಮನಾದರೆ ನನಗೆ ನೀನಿಲ್ಲ ಎಂದ ಮಾತಿಗೆ ಮರುಕ ಬಂತು, ಮರುಕ ಬಂದದ್ದಕ್ಕೇ ಇನ್ನಷ್ಟು ಕೋಪ ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗುರುವಾರವಿಡೀ ಮಾತಾಡಲಿಲ್ಲ. ನಾಳೆ ಹಲ್ಲು ಹೋದರೆ ಇವರ ಕಿವಿಗೆ ನನ್ನ ಮಾತು ಇವತ್ತಿಗೆ ಮುಗಿಯಿತು ಎಂದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ. ಪೇಪರು ಮಾತ್ರ ಓದಿದೆ. ಹರಾಜಿನ ಜಾಹೀರಾತು, ಕಳೆದುಹೋದವರ ಫೋಟೋದ ಕೆಳಗಿನ ಗುರುತು, ಒಂದೂ ಬಿಡದೆ ಓದಿದೆ, ನಡುವೆ ನನ್ನದೊಂದು ಮಾತೂ ಸೇರಿಸಲಿಲ್ಲ. ಅವರು ಒಂದು ಕಡೆಯೂ ನಗದೆ, ಮುಗಿಯಿತೇ ಎಂದೂ ಕೇಳದೆ ಕೂತು ಕೇಳಿದರು.

ಶುಕ್ರವಾರ ಬೆಳಿಗ್ಗೆ ಕುರ್ಚಿಯ ಮೇಲೆ ಮಲಗುವ ಮುಂಚೆ ಡಾಕ್ಟರಿಗೆ ಹೇಳಿದೆ, ಈ ಸಲ ಯಾರೂ ಕಿವಿ ಕೂರುವುದು ಬೇಡ. ಅವರು ಒಪ್ಪಿದರು. ಹಾಗೆ ನೋಡಿದರೆ ಅವರಿಗೇ ನಾಚಿಕೆಯಾಗಿತ್ತು, ಕಿವಿ ನಂಬಿ ಕಣ್ಣು ಮುಚ್ಚಿಕೊಂಡೆನಲ್ಲಮ್ಮ ಎಂದರು. ಆದರೂ ನಮ್ಮವರು ಆಟೋ ಮಾಡಿಕೊಂಡು ಹಿಂದೆಯೇ ಬಂದಿದ್ದರು. ಹೊರಗಿನ ಬೆಂಚು ಕಿರ್ ಎಂದದ್ದು ನನಗೆ ಕೇಳಿಸಿತು. ಏಳಿ ಎಂದು ಅವರಿಗೆ ಹೇಳಲು ಯಾರಿಗೂ ಮನಸ್ಸಾಗಲಿಲ್ಲ.

ಡಾಕ್ಟರು ಪರದೆಯ ಮೇಲೆ ಚಿತ್ರವಿಟ್ಟುಕೊಂಡರು, ಕಣ್ಣಿಗೆ ದೊಡ್ಡದು ಮಾಡಿ ತೋರಿಸುವ ಗಾಜು ಹಾಕಿಕೊಂಡರು. ಬಾಯಿ ಮರಗಟ್ಟಿದ ಮೇಲೆ ರಬ್ಬರಿನ ಹಾಳೆ ಬಿಗಿದು ಹಲ್ಲೊಂದನ್ನೇ ಹೊರಗೆ ಬಿಟ್ಟರು. ನಾಲ್ಕನೆಯ ನಾಳದ ಬಾಯಿಗೆ ಗಟ್ಟಿಯಾದ ಮುಚ್ಚಳ ಬೆಳೆದುಕೊಂಡಿದೆ, ಅದನ್ನು ಕೊರೆಯಬೇಕು, ಸಾಸಿವೆಯ ಅರ್ಧದಷ್ಟು ಆಚೀಚೆಯಾದರೆ ಹಲ್ಲಿನ ತಳಕ್ಕೇ ತೂತು ಬೀಳುತ್ತದೆ ಎಂದು ಮೊದಲೇ ಹೇಳಿದ್ದರು. ಡ್ರಿಲ್ಲು ಶುರುವಾಯಿತು. ಕೊರೆಯುವುದು, ನೀರು ಬಿಡುವುದು, ಪರದೆ ನೋಡುವುದು, ಮತ್ತೆ ಕೊರೆಯುವುದು. ಅವರ ಹಣೆಯ ಬೆವರು ಕನ್ನಡಕದ ಅಂಚಿಗೆ ಇಳಿಯುವುದನ್ನೇ ನೋಡುತ್ತ ಮಲಗಿದ್ದೆ. ಇದ್ದಕ್ಕಿದ್ದಂತೆ ಡ್ರಿಲ್ಲು ನಿಂತಿತು. ಅವರ ಕನ್ನಡಕದಲ್ಲಿ ನನ್ನ ಹಲ್ಲು ಕಾಣುತ್ತಿತ್ತು, ಅದರ ನಡುವಿನಿಂದ ರಕ್ತ ಒಸರುತ್ತಿತ್ತು.

"ಇಕ್ಕಳ ತಂದಿಡಮ್ಮ," ಎಂದರು ಡಾಕ್ಟರು ನರ್ಸಿಗೆ.

ಬೀರುವಿನ ಮೇಲಿನಿಂದ ಅದು ಇಳಿದ ಸದ್ದು, ತಟ್ಟೆಯ ಮೇಲೆ ಟಣ್ ಎಂದು ಕೂತ ಸದ್ದು, ಎರಡೂ ನನಗೆ ಕೇಳಿಸಿದವು. ನನಗೆ ಕೇಳಿಸಿದ್ದು ಹೊರಗೆ ಅವರಿಗೂ ಕೇಳಿಸಿರುತ್ತದೆ. ನನ್ನ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೇಡ ಎನ್ನಲು ಬಾಯಿ ನನ್ನದಾಗಿರಲಿಲ್ಲ. ನಿನ್ನೆ ಮಾತಾಡಬೇಕಿತ್ತು, ಹಾಳು ಕೋಪ, ಒಂದು ಮಾತಾದರೂ ಆಡಬೇಕಿತ್ತು ಎಂದು ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಇಳಿಯಿತು.

ಧರಣೇಂದ್ರಯ್ಯ ಇಕ್ಕಳ ಮುಟ್ಟಲಿಲ್ಲ. ಹತ್ತಿ ಒತ್ತಿ ಹಿಡಿದು, ಪರದೆಯ ಹತ್ತಿರ ಮುಖ ತಂದು, ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ಬಹಳ ಹೊತ್ತು ನೋಡಿದರು. ಮತ್ತೆ ಬಾಗಿದರು. ಈ ಸಲ ಕೈ ಅಂಗುಳಿನ ಕಡೆಗೆ ಒಂಚೂರು ವಾಲಿತು. ಡ್ರಿಲ್ಲು ಎರಡು ಉಸಿರಿನಷ್ಟು ಹೊತ್ತು ಆಡಿತು. ಆಮೇಲೆ ಅವರು ಎಲ್ಲಕ್ಕಿಂತ ಸಣ್ಣ ಅರ ತೆಗೆದು ಮೆತ್ತಗೆ ಒತ್ತಿದರು, ಅದು ಮರಳಲ್ಲಿ ಕಡ್ಡಿ ಇಳಿದ ಹಾಗೆ ಒಳಗೆ ಇಳಿದುಹೋಯಿತು. ಅವರು ತಡೆದಿದ್ದ ಉಸಿರು ಬಿಟ್ಟದ್ದು ನನ್ನ ಹಣೆಗೆ ತಾಗಿತು. ಕೆರೆದರು, ತೊಳೆದರು, ಮತ್ತೆ ಕೆರೆದರು. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ನಮ್ಮವರ ಧ್ವನಿ ಬಂತು. ಅದು ಅವರ ಧ್ವನಿಯ ಹಾಗೇ ಇರಲಿಲ್ಲ.

"ಡಾಕ್ಟ್ರೇ, ನಿಂತೋಯ್ತು. ಈ ಸಲ ನಿಜ."

ಯಾರೂ ಉತ್ತರ ಕೊಡಲಿಲ್ಲ. ಡಾಕ್ಟರು ತಳದ ತೂತಿಗೆ ಲೇಪ ಮೆತ್ತುತ್ತಿದ್ದರು, ನನ್ನ ಬಾಯಲ್ಲಿ ರಬ್ಬರಿತ್ತು. ಶ್ರುತಿ ನಿಂತದ್ದು ನಾಳ ಚೊಕ್ಕವಾಗಿಯೋ ಹಲ್ಲೇ ಕಿತ್ತುಬಂದೋ ಎನ್ನುವುದು ಹೊರಗೆ ಕೂತವರಿಗೆ ತಿಳಿಯುವ ಹಾಗಿರಲಿಲ್ಲ. ಕೇಳಲು ಅವರಿಗೂ ಧೈರ್ಯ ಬರಲಿಲ್ಲವೆಂದು ತೋರುತ್ತದೆ.

ಎಲ್ಲ ಮುಚ್ಚಿ ಮುಗಿದ ಮೇಲೆ ಡಾಕ್ಟರು ಕೈಗವಸು ಕಳಚಿ ದಣಿದು ಕೂತರು. ನಾಲ್ಕನೆಯದೂ ಚೊಕ್ಕವಾಗಿದೆ, ಕೀವು ಇಳಿಯುತ್ತದೆ ಎಂದರು. ಆದರೆ ತಳಕ್ಕೆ ತೂತು ಬಿತ್ತು, ಮುಚ್ಚಿದ್ದೇನೆ, ಹಲ್ಲು ಜಾಗದಲ್ಲೇ ಇದೆ. "ತೂತು ಬಿದ್ದ ಹಲ್ಲು ಬಾಯಲ್ಲಿದ್ರೂ ಧ್ವನಿ ಹೋದದ್ದನ್ನ ನಾನು ನೋಡಿದ್ದೀನಿ. ಉಳಿದದ್ದನ್ನೂ ನೋಡಿದ್ದೀನಿ. ನನ್ನ ಕೈಲಿ ಹೇಳಕ್ಕಾಗಲ್ಲಮ್ಮ. ಹೋಗಿ ಮಾತಾಡಿ ನೋಡಿ."

ಬಾಗಿಲ ತನಕ ಹೋದೆ. ಅವರು ಎದ್ದು ನಿಂತಿದ್ದರು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಬಾಗಿಲ ಕಡೆ. ನನ್ನ ಹೆಜ್ಜೆ ಅವರಿಗೆ ಗೊತ್ತು. ರೀ ಎಂದು ಕರೆದರೆ ಕೇಳಿಸಿದರೂ ಓ ಎನ್ನುತ್ತಾರೆ, ಕೇಳಿಸದಿದ್ದರೂ ಓ ಎನ್ನುತ್ತಾರೆ. ಮೂರು ಸಲ ಸುಮ್ಮನಾಯಿತು ಎಂದವರು, ನನ್ನ ಸಮಾಧಾನಕ್ಕೆ ಕೇಳಿಸುತ್ತದೆ ಎಂದು ಜೀವಮಾನವಿಡೀ ಹೇಳಿಯಾರು. ಅಂದಾಜಿನ ಮೇಲೆ ಉತ್ತರ ಕೊಡಲಾಗದಂಥ ಮಾತು ಬೇಕಿತ್ತು. ಮರಗಟ್ಟಿದ ಬಾಯಿಗೆ ಏನೂ ಹೊಳೆಯಲಿಲ್ಲ. ಎದೆಯಲ್ಲಿ ಹೆದರಿಕೆಯಿತ್ತು, ಅದರ ಪಕ್ಕದಲ್ಲಿ ಇನ್ನೂ ಆರದ ಕೋಪವಿತ್ತು, ಎರಡೂ ಸೇರಿ ತಾವಾಗಿಯೇ ಒಂದು ಮಾತು ಹೊರಡಿಸಿದವು.

"ಹಲ್ಲು ಕಿತ್ತುಬಿಟ್ರು ಕಣ್ರೀ," ಎಂದೆ.

ಅವರ ಕೋಲು ಬಿತ್ತು. ಬೆಂಚಿನ ಮೇಲೆ ಕುಸಿದು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅವರ ತಾಯಿ ಸತ್ತಾಗಲೂ ನೋಡಿರಲಿಲ್ಲ. ನರ್ಸು ಓಡಿಬಂದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನ ಮಾತು ಕೇಳಿಸದವರು ಹಾಗೆ ಅಳುವುದಿಲ್ಲ.

ಅಳು ನಡುವಿನಲ್ಲೇ ನಿಂತಿತು. ಅವರು ನಿಧಾನವಾಗಿ ಮುಖದಿಂದ ಕೈ ತೆಗೆದರು. ತಲೆಯನ್ನು ಸ್ವಲ್ಪ ವಾಲಿಸಿದರು, ರೀಡು ಸೇರಿತೋ ಇಲ್ಲವೋ ಎಂದು ನೋಡುವಾಗ ವಾಲಿಸುವ ಹಾಗೆ.

"ಏನಂದೆ?" ಎಂದರು.

"ಹಲ್ಲು ಕಿತ್ತುಬಿಟ್ರು ಅಂದೆ."

"ಇನ್ನೊಂದ್ಸಲ ಹೇಳು."

ಹೇಳಿದೆ. ಆಟೋದಲ್ಲೂ ಹೇಳಿದೆ. ತಿರುಗಿ ನೋಡುತ್ತಿದ್ದ ಆಟೋದವನಿಗೆ ನೀನು ರಸ್ತೆ ನೋಡಪ್ಪ ಎಂದು ಗದರಿ ಮತ್ತೆ ಹೇಳಿದೆ. ಮನೆಯ ತನಕ ಅವರು ಇನ್ನೊಂದ್ಸಲ ಎನ್ನುತ್ತಲೇ ಬಂದರು, ನಾನು ಹೇಳುತ್ತಲೇ ಬಂದೆ.